ನರವೇ, ಸ್ನಾಯುರಜ್ಜುವೇ? ಕಡಿದದ್ದು ಯಾವುದೆಂದು ಕೇಳಿರಿ

“ಕತ್ತಿ ತಾಗಿ ಕೈಯ ನರ ಕಡಿಯಿತು.” ಅಡಿಕೆ ತೆಂಗುಗಳ ನಮ್ಮ ಊರುಗಳಲ್ಲಿ ಈ ಮಾತನ್ನು ಕೇಳದ ಮನೆಯಿಲ್ಲ. ಸೊಪ್ಪು ಕಡಿಯುವಾಗ ಕತ್ತಿ ಜಾರಿದರೂ ಇದೇ ಮಾತು, ಒಡೆದ ಗಾಜಿನ ಮೇಲೆ ಕೈಯೂರಿ ಬಿದ್ದರೂ ಇದೇ ಮಾತು, ಕಳೆ ಕೊಚ್ಚುವ ಯಂತ್ರದ ಅಲಗು ತಾಗಿದರೂ ಇದೇ ಮಾತು. ಕೇಳಿದವರು “ಅಯ್ಯೋ, ನರವೇ!” ಎಂದು ಮರುಗುತ್ತಾರೆಯೇ ಹೊರತು, ಅದು ಯಾವ ನರ, ನಿಜಕ್ಕೂ ನರವೇ ಎಂದು ವಿಚಾರಿಸುವವರು ಕಡಿಮೆ.

ಆದರೆ ವಿಚಾರಿಸಬೇಕಾದ ಸಂಗತಿ ಅದೇ. ನಾವು ಬಾಯಿಮಾತಿನಲ್ಲಿ ನರ ಎನ್ನುವುದು ಮೂರು ಬೇರೆ ಬೇರೆ ವಸ್ತುಗಳನ್ನು. ಕೈಯ ಮೇಲೆ ನೀಲಿಯಾಗಿ ಉಬ್ಬಿ ಕಾಣುವ ರಕ್ತನಾಳವೂ ನಮಗೆ ನರವೇ. ಮುಷ್ಟಿ ಬಿಗಿದಾಗ ಮಣಿಕಟ್ಟಿನಲ್ಲಿ ಹುರಿಯಂತೆ ಎದ್ದು ನಿಲ್ಲುವ ಸ್ನಾಯುರಜ್ಜುವೂ ನರವೇ. ಮಿದುಳಿಗೂ ಬೆರಳಿಗೂ ನಡುವೆ ಸುದ್ದಿ ಸಾಗಿಸುವ ನಿಜವಾದ ನರವಂತೂ ನರವೇ. ಮೊದಲನೆಯದು ಕಡಿದರೆ ರಕ್ತ ಚಿಮ್ಮಿ ತಾನೇ ತನ್ನ ಗುರುತು ಹೇಳುತ್ತದೆ. ಗೊಂದಲವಾಗುವುದು ಉಳಿದೆರಡರಲ್ಲಿ. ಡಾಕ್ಟರರು ಇವುಗಳಲ್ಲಿ ಒಂದನ್ನು ಟೆಂಡನ್ ಎಂದೂ ಇನ್ನೊಂದನ್ನು ನರ್ವ್ ಎಂದೂ ಬರೆಯುತ್ತಾರೆ. ಎರಡೂ ಬೆಳ್ಳಗಿನ ಹುರಿಗಳೇ, ಎರಡೂ ಒಂದೇ ದಾರಿಯಲ್ಲಿ ಸಾಗುವವೇ. ಆದರೆ ಎರಡರ ಕೆಲಸ ಬೇರೆ, ಹೊಲಿಗೆ ಬೇರೆ, ಗುಣವಾಗಲು ಬೇಕಾದ ಕಾಲ ಬೇರೆ. ಈ ವ್ಯತ್ಯಾಸ ತಿಳಿಯದೆ ಮನೆಗೆ ಬಂದವರಲ್ಲಿ ಕೆಲವರು ಹೊಲಿದ ಹುರಿಯನ್ನು ಮತ್ತೆ ಹರಿದುಕೊಳ್ಳುತ್ತಾರೆ. ಇನ್ನು ಕೆಲವರು ಗುಣವಾಗುತ್ತಿದ್ದ ಕೈಯನ್ನು “ಇನ್ನಾಗದು” ಎಂದು ಕೈಬಿಡುತ್ತಾರೆ.

ಒಂದು ಮಾತು, ಹಲವು ಅರ್ಥ

ಇದು ಕನ್ನಡದವರೊಬ್ಬರ ಕಷ್ಟವಲ್ಲ. ನಮ್ಮ ನರ, ತಮಿಳಿನ ನರಂಬು, ಮಲೆಯಾಳದ ಞರಂಬು, ತೆಲುಗಿನ ನರಮು, ಇವೆಲ್ಲ ಒಂದೇ ಬೇರಿನ ಮಾತುಗಳು. ತುಳುವಿನಲ್ಲಿಯೂ ನರ ಉಂಟು. ಹಳೆಯ ತಮಿಳಿನಲ್ಲಿ ಯಾಳ್ ಎಂಬ ವಾದ್ಯದ ತಂತಿಗೂ ನರಂಬು ಎಂದೇ ಹೆಸರು. ಎಳೆದರೆ ಬಿಗಿಯಾಗುವ ಉದ್ದನೆಯ ಹುರಿ ಯಾವುದೇ ಇರಲಿ, ಹಿಂದಿನವರು ಅದನ್ನು ಒಂದೇ ಹೆಸರಿನಿಂದ ಕರೆದರು.

ಇನ್ನು ಸ್ನಾಯು ಎಂಬ ಸಂಸ್ಕೃತ ಪದದ ಪಾಡಂತೂ ಇನ್ನೂ ವಿಚಿತ್ರ. ಕನ್ನಡದಲ್ಲಿ ಸ್ನಾಯು ಎಂದರೆ ಮಾಂಸಖಂಡ. ಮರಾಠಿಯಲ್ಲಿಯೂ ಹಾಗೆಯೇ. ಬಂಗಾಳಿಯಲ್ಲಿ ಅದೇ ಪದಕ್ಕೆ ನರ ಎಂದರ್ಥ. ಮಲೆಯಾಳದ ಶಾಲಾಪುಸ್ತಕದಲ್ಲಿ ಸ್ನಾಯು ಎಂದರೆ ಮೂಳೆಗೆ ಮೂಳೆಯನ್ನು ಬಿಗಿಯುವ ಪಟ್ಟಿ, ಅಂದರೆ ಲಿಗಮೆಂಟ್. ಮಾಂಸಖಂಡಕ್ಕೆ ಅಲ್ಲಿ ಪೇಶಿ ಎನ್ನುತ್ತಾರೆ. ನರಕ್ಕೆ ಪುಸ್ತಕದ ಮಲೆಯಾಳದಲ್ಲಿ ನಾಡಿ ಎಂದು ಹೆಸರು. ನಮಗೋ ನಾಡಿ ಎಂದರೆ ವೈದ್ಯರು ಮಣಿಕಟ್ಟು ಹಿಡಿದು ನೋಡುವ ಬಡಿತ. ಹೀಗಾಗಿ ಒಂದೇ ಮನೆಯಲ್ಲಿ ಅಣ್ಣ ಕನ್ನಡ ಮಾಧ್ಯಮದಲ್ಲಿಯೂ ತಂಗಿ ಮಲೆಯಾಳ ಮಾಧ್ಯಮದಲ್ಲಿಯೂ ಓದಿದ್ದರೆ, ಸ್ನಾಯು ಎಂಬ ಒಂದು ಮಾತು ಇಬ್ಬರಿಗೆ ಎರಡು ವಸ್ತುಗಳನ್ನು ತೋರಿಸುತ್ತದೆ.

ಈ ಗೊಂದಲವನ್ನು ತಪ್ಪಿಸಲು ಕನ್ನಡ ಪುಸ್ತಕಗಳು ಮೂರು ಹೆಸರುಗಳನ್ನು ಬಳಸುತ್ತವೆ. ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿ ಸ್ನಾಯುರಜ್ಜು. ಮೂಳೆಯನ್ನು ಮೂಳೆಗೆ ಕಟ್ಟುವ ಪಟ್ಟಿ ಅಸ್ಥಿರಜ್ಜು. ಸುದ್ದಿ ಒಯ್ಯುವ ಎಳೆ ನರ. ತಮಿಳು ಪುಸ್ತಕಗಳು ಸ್ನಾಯುರಜ್ಜುವಿಗೆ ತಸೈನಾಣ್ ಎನ್ನುತ್ತವೆ. ಮಾಂಸದ ಹೆದೆ ಎಂದು ಅದರ ಅರ್ಥ. ಬಿಲ್ಲಿನ ಹೆದೆಯನ್ನು ನೆನೆದರೆ ಅದರ ಕೆಲಸವೂ ನೆನಪಿನಲ್ಲಿ ಉಳಿಯುತ್ತದೆ.

ಹಗ್ಗ ಮತ್ತು ಎಳೆಗಳ ಕಟ್ಟು

ನಮ್ಮ ಬೆರಳುಗಳೊಳಗೆ ಅವನ್ನು ಮಡಚುವ ಮಾಂಸಖಂಡಗಳೇ ಇಲ್ಲವೆಂದರೆ ಹಲವರು ನಂಬಲಾರರು. ಮಡಚುವ ಮುಖ್ಯ ಮಾಂಸಖಂಡಗಳಿರುವುದು ಮುಂಗೈಯಲ್ಲಿ. ಅಲ್ಲಿಂದ ಉದ್ದನೆಯ ಸ್ನಾಯುರಜ್ಜುಗಳು ಮಣಿಕಟ್ಟನ್ನು ದಾಟಿ, ಅಂಗೈಯನ್ನು ಹಾದು, ಬೆರಳಿನ ಮೂಳೆಗಳಿಗೆ ಅಂಟಿಕೊಂಡಿವೆ. ಬೊಂಬೆಯಾಟದವನು ದಾರ ಎಳೆದಾಗ ಬೊಂಬೆಯ ಕೈ ಏಳುವಂತೆ, ಮುಂಗೈ ಬಿಗಿದಾಗ ಬೆರಳು ಮಡಚುತ್ತದೆ. ನಾಲ್ಕು ಬೆರಳುಗಳಿಗೆ ಎರಡೆರಡರಂತೆ 8, ಹೆಬ್ಬೆರಳಿಗೆ 1, ಒಟ್ಟು 9 ಸ್ನಾಯುರಜ್ಜುಗಳು ಮಣಿಕಟ್ಟಿನ ಒಂದು ಇಕ್ಕಟ್ಟಾದ ಸುರಂಗದ ಮೂಲಕ ಹಾದುಹೋಗುತ್ತವೆ. ಅದೇ ಸುರಂಗದಲ್ಲಿ ಅವುಗಳ ಜೊತೆಗೆ ಹತ್ತನೆಯದೊಂದು ಹುರಿ ಸಾಗುತ್ತದೆ. ಅದು ಸ್ನಾಯುರಜ್ಜುವಲ್ಲ. ಮೀಡಿಯನ್ ಎಂಬ ಮುಖ್ಯ ನರ. ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರಬೆರಳಿನ ಅರ್ಧದ ಸ್ಪರ್ಶಜ್ಞಾನ ಅದರ ಕೈಯಲ್ಲಿದೆ.

ಸ್ನಾಯುರಜ್ಜು ಹಗ್ಗದ ಹಾಗೆ. ಹಗ್ಗಕ್ಕೆ ಎಳೆಯುವುದೊಂದೇ ಕೆಲಸ. ನರವಾದರೋ ಬೇರೆ. ಅದು ಹೊರಗೊಂದು ಹೊದಿಕೆ, ಒಳಗೆ ಸಾವಿರಾರು ಸೂಕ್ಷ್ಮ ಎಳೆಗಳು ಎಂಬಂಥ ರಚನೆ. ಪ್ರತಿ ಎಳೆಯೂ ಬೆನ್ನುಹುರಿಯಲ್ಲಿ ಅಥವಾ ಅದರ ಪಕ್ಕದಲ್ಲಿ ಇರುವ ಒಂದು ಜೀವಕೋಶದ ಉದ್ದನೆಯ ಬಾಲ. ಒಳಗೆ ಹೋಗುವ ಎಳೆ ಬಿಸಿ, ತಣ್ಣಗೆ, ಮುಟ್ಟು, ನೋವುಗಳ ಸುದ್ದಿಯನ್ನು ಒಯ್ಯುತ್ತದೆ. ಹೊರಗೆ ಬರುವ ಎಳೆ “ಬಿಗಿ”, “ಬಿಡು” ಎಂಬ ಆಜ್ಞೆಯನ್ನು ತರುತ್ತದೆ.

ಮಣಿಕಟ್ಟಿನಲ್ಲೋ ಬೆರಳಿನಲ್ಲೋ ಗಾಯವಾದಾಗ ಯಾವುದು ಕಡಿದಿದೆಯೆಂಬ ಸುಳಿವು ಇದರಿಂದಲೇ ದೊರೆಯುತ್ತದೆ. ಕೈಯನ್ನು ಅಂಗಾತ ಸಡಿಲವಾಗಿ ಇಟ್ಟಾಗ ಬೆರಳುಗಳು ತಾವಾಗಿಯೇ ಸ್ವಲ್ಪ ಬಾಗಿರುತ್ತವೆ. ಅವುಗಳಲ್ಲಿ ಒಂದು ಮಾತ್ರ ಕೋಲಿನಂತೆ ನೆಟ್ಟಗೆ ಮಲಗಿದ್ದು, ಮಡಚೆಂದರೆ ಮಡಚದಿದ್ದರೆ, ಆದರೆ ತುದಿಯನ್ನು ಮುಟ್ಟಿದರೆ ಸರಿಯಾಗಿ ತಿಳಿಯುತ್ತಿದ್ದರೆ, ಸ್ನಾಯುರಜ್ಜುವಿನ ಮೇಲೆ ಸಂಶಯ ಪಡಬೇಕು. ಬೆರಳು ಮಡಚುತ್ತದೆ, ಆದರೆ ತುದಿಯಲ್ಲಿ ಹತ್ತಿಯಿಂದ ಮುಟ್ಟಿದರೂ ಗೊತ್ತಾಗುವುದಿಲ್ಲವೆಂದಾದರೆ ನರದ ಮೇಲೆ ಸಂಶಯ ಪಡಬೇಕು. ಎರಡೂ ಇಲ್ಲವೆಂದರೆ ಎರಡೂ ಕಡಿದಿರಬಹುದು. ನರವು ಮೇಲೆ ತೋಳಿನಲ್ಲಿ ಕಡಿದರೆ ಸ್ಪರ್ಶದೊಂದಿಗೆ ಚಲನೆಯೂ ಹೋಗುವುದುಂಟು. ಆದ್ದರಿಂದ ಕೊನೆಯ ನಿರ್ಣಯ ವೈದ್ಯರದ್ದೇ. ಆದರೆ ಗಾಯ ಚಿಕ್ಕದೆಂದು ಮೇಲಿನ ಚರ್ಮವನ್ನಷ್ಟೇ ಹೊಲಿಸಿಕೊಂಡು ಬರುವ ಮೊದಲು ಈ ಎರಡು ಪರೀಕ್ಷೆಗಳು ಆಗಿವೆಯೇ ಎಂದು ಕೇಳುವುದು ಮನೆಯವರ ಹಕ್ಕು. ಗಾಜಿನ ಗಾಯ ಹೊರಗೆ ಅರ್ಧ ಅಂಗುಲವಿದ್ದು ಒಳಗೆ ಬಹಳ ಆಳವಾಗಿರಬಲ್ಲದು.

ಪುಟ್ಟ ಮಕ್ಕಳು “ಗೊತ್ತಾಗುತ್ತದೆ, ಗೊತ್ತಾಗುವುದಿಲ್ಲ” ಎಂದು ಹೇಳಲಾರರಷ್ಟೆ. ಅವರಿಗಾಗಿ 1973ರಲ್ಲಿ ಓರಿಯನ್ ಎಂಬ ವೈದ್ಯರು ಒಂದು ಸರಳ ಉಪಾಯವನ್ನು ಪ್ರಕಟಿಸಿದರು. ಬಹಳ ಹೊತ್ತು ನೀರಿನಲ್ಲಿದ್ದರೆ ಬೆರಳ ತುದಿಗಳು ಸುಕ್ಕುಗಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ನರ ಕಡಿದ ಬೆರಳು ಹಾಗೆ ಸುಕ್ಕುಗಟ್ಟುವುದಿಲ್ಲ. ಹೊರಗಿನ ಗಾಯ ಮಾಗಿದ ಮೇಲೆ ಇದನ್ನು ನೋಡಿ ಮಗುವಿನ ನರದ ಸ್ಥಿತಿಯನ್ನು ಊಹಿಸಬಹುದು.

ಹೆಸರು ತಪ್ಪಿ ಕಳೆದ ಶತಮಾನಗಳು

ಹೆಸರಿನ ಗೊಂದಲದಿಂದ ಏನು ನಷ್ಟ ಎಂದು ಕೇಳುವವರಿಗೆ ವೈದ್ಯಶಾಸ್ತ್ರದ ಚರಿತ್ರೆಯೇ ಉತ್ತರ ಹೇಳುತ್ತದೆ. ಗ್ರೀಕರ ನ್ಯೂರಾನ್ ಎಂಬ ಪದವೂ ನಮ್ಮ ನರದಂತೆಯೇ ಇತ್ತು. ಬಿಲ್ಲಿನ ಹೆದೆ, ಸ್ನಾಯುರಜ್ಜು, ನರ, ಎಲ್ಲಕ್ಕೂ ಅದೊಂದೇ ಹೆಸರು. ಕ್ರಿ.ಪೂ. 3ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹಿರೋಫಿಲಸನು ಸ್ಪರ್ಶವನ್ನೂ ಚಲನೆಯನ್ನೂ ಒಯ್ಯುವ ನಿಜವಾದ ನರಗಳನ್ನು ಬೇರ್ಪಡಿಸಿ ತೋರಿಸಿದನು. ಆದರೂ ಕ್ರಿ.ಶ. 2ನೆಯ ಶತಮಾನದ ಮಹಾವೈದ್ಯ ಗೇಲನನು ಸ್ನಾಯುರಜ್ಜುವಿನಲ್ಲಿ ನರದ ಎಳೆಗಳೂ ಸೇರಿಕೊಂಡಿವೆಯೆಂದು ಭಾವಿಸಿದ್ದನು. ನರಕ್ಕೆ ಸೂಜಿ ಚುಚ್ಚಿದರೆ ಸೆಳೆತ ಬಂದೀತೆಂಬ ಭಯವೂ ಇದರೊಂದಿಗೆ ಹರಡಿತು. ಪರಿಣಾಮವಾಗಿ ಯುರೋಪಿನ ಶಸ್ತ್ರವೈದ್ಯರಲ್ಲಿ ಬಹುಮಂದಿ ನೂರಾರು ವರ್ಷ ಕಡಿದ ಸ್ನಾಯುರಜ್ಜುವನ್ನು ಹೊಲಿಯಲು ಹಿಂಜರಿದರು. ಹೊಲಿಯಬಹುದೆಂದು ಹೇಳಿದವರಲ್ಲಿ ಅವಿಸೆನ್ನನೆಂದು ಪ್ರಸಿದ್ಧನಾದ ಇಬ್ನ್ ಸೀನಾ ಮುಖ್ಯನು. ಕೊನೆಗೆ 1752ರಲ್ಲಿ ಆಲ್ಬ್ರೆಕ್ಟ್ ಫಾನ್ ಹಾಲರ್ ಎಂಬ ಸ್ವಿಸ್ ವಿದ್ವಾಂಸನು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಸ್ನಾಯುರಜ್ಜುವಿಗೆ ನರದಂತಹ ಸಂವೇದನೆಯಿಲ್ಲವೆಂದು ತೋರಿಸಿದನು. ಒಂದು ಹೆಸರಿನೊಳಗೆ ಎರಡು ವಸ್ತುಗಳು ಅಡಗಿದ್ದುದರಿಂದ ಎಷ್ಟು ಜನರ ಬೆರಳುಗಳು ನೆಟ್ಟಗೇ ಉಳಿದವೋ!

ನಮ್ಮ ದೇಶದ ಸುಶ್ರುತನು ಶರೀರದಲ್ಲಿ 900 ಸ್ನಾಯುಗಳನ್ನೂ 700 ಸಿರೆಗಳನ್ನೂ 500 ಪೇಶಿಗಳನ್ನೂ ಬೇರೆ ಬೇರೆಯಾಗಿ ಲೆಕ್ಕಹಾಕಿದ್ದಾನೆ. ಹಲಗೆಗಳನ್ನು ಹಗ್ಗದಿಂದ ಬಿಗಿದು ಕಟ್ಟಿದ ದೋಣಿ ಹೇಗೆ ಭಾರ ಹೊರುವುದೋ ಹಾಗೆ ಸ್ನಾಯುಗಳಿಂದ ಬಿಗಿದ ದೇಹ ಭಾರ ಹೊರುವುದೆಂದು ಅವನ ಹೋಲಿಕೆ. ಮೂಳೆ ಮುರಿದುದಕ್ಕಿಂತಲೂ ಸ್ನಾಯು ಕೆಟ್ಟದ್ದು ಹೆಚ್ಚು ಹಾನಿಕರವೆಂದೂ ಅವನು ಎಚ್ಚರಿಸಿದ್ದಾನೆ. ಅವನ ಸ್ನಾಯು ನಮ್ಮ ಕನ್ನಡದ ಸ್ನಾಯುವಲ್ಲ, ಕಟ್ಟುವ ಹುರಿ ಎಂಬುದನ್ನು ಮರೆತು ಓದಿದರೆ ಮಾತ್ರ ಅರ್ಥ ಕೆಡುತ್ತದೆ.

ಕೊಯಮತ್ತೂರಿನ ಪಾಠ

ಇಂದು ಕೈಯ ಗಾಯಗಳ ವಿಚಾರದಲ್ಲಿ ದಕ್ಷಿಣ ಭಾರತದಲ್ಲಿ ಮೊದಲು ನೆನಪಾಗುವ ಊರುಗಳಲ್ಲಿ ಕೊಯಮತ್ತೂರು ಒಂದು. ಇದಕ್ಕೆ ಕಾರಣವುಂಟು. ನೂಲಿನ ಗಿರಣಿಗಳು, ಎರಕದ ಕಾರ್ಖಾನೆಗಳು, ಪಂಪು ಮತ್ತು ಗ್ರೈಂಡರ್ ತಯಾರಿಸುವ ಕಾರ್ಯಾಗಾರಗಳು, ಸೋಮನೂರು ಪಲ್ಲಡಂ ಕಡೆಯ ವಿದ್ಯುತ್ ಮಗ್ಗಗಳು, 2009ರಲ್ಲಿ ಪ್ರತ್ಯೇಕ ಜಿಲ್ಲೆಯಾದ ತಿರುಪ್ಪೂರಿನ ಬನಿಯನ್ ಉದ್ಯಮ, ಹೀಗೆ ಕೈಯಿಂದ ದುಡಿಯುವ ಲಕ್ಷಾಂತರ ಜನರ ಸೀಮೆ ಅದು. ಯಂತ್ರವಿದ್ದಲ್ಲಿ ಗಾಯವೂ ಉಂಟು. ಅಲ್ಲಿ 1966ರಿಂದ ಸರಕಾರಿ ವೈದ್ಯಕೀಯ ಕಾಲೇಜು ಇದೆ. 1978ರಲ್ಲಿ ಡಾ. ಜೆ.ಜಿ. ಷಣ್ಮುಗನಾಥನ್ ಅವರು ಆರಂಭಿಸಿದ ಗಂಗಾ ಆಸ್ಪತ್ರೆಯಲ್ಲಿ ಅವರ ಮಕ್ಕಳಾದ ಡಾ. ಎಸ್. ರಾಜಶೇಖರನ್ ಮೂಳೆಯ ವಿಭಾಗವನ್ನೂ ಡಾ. ಎಸ್. ರಾಜಾ ಸಭಾಪತಿ ಕೈ ಮತ್ತು ಸೂಕ್ಷ್ಮ ಶಸ್ತ್ರಕ್ರಿಯೆಯ ವಿಭಾಗವನ್ನೂ ಬೆಳೆಸಿದರು. ಕಾಲಿನ ಮೂಳೆ ಮುರಿದು ಹೊರಬಂದ ಭಾರಿ ಗಾಯಗಳಲ್ಲಿ ಕಾಲನ್ನು ಉಳಿಸಬಹುದೇ, ತೆಗೆಯಬೇಕೇ ಎಂದು ಅಳೆಯಲು ಈ ಆಸ್ಪತ್ರೆಯವರು ರೂಪಿಸಿ 2006ರಲ್ಲಿ ಪ್ರಕಟಿಸಿದ ಅಂಕಪದ್ಧತಿ ಬೇರೆ ದೇಶಗಳ ವೈದ್ಯರಿಗೂ ಪರಿಚಿತವಾಗಿದೆ. ಅದರಲ್ಲಿ ಚರ್ಮಕ್ಕೆ ಬೇರೆ ಅಂಕ, ಮೂಳೆಗೆ ಬೇರೆ ಅಂಕ, ಮಾಂಸಖಂಡ ಸ್ನಾಯುರಜ್ಜು ನರಗಳಿಗೆ ಬೇರೆ ಅಂಕ. “ಕಾಲು ಜಜ್ಜಿಹೋಗಿದೆ” ಎಂಬ ಒಂದೇ ಮಾತಿನಲ್ಲಿ ನಿಲ್ಲದೆ, ಯಾವುದು ಎಷ್ಟು ಕೆಟ್ಟಿದೆ ಎಂದು ಬಿಡಿಸಿ ನೋಡುವುದೇ ಆ ಪದ್ಧತಿಯ ತಿರುಳು.

ಕೊಯಮತ್ತೂರು ತಿರುಪ್ಪೂರುಗಳಲ್ಲಿ ತಲೆಮಾರುಗಳಿಂದ ಮನೆಯಲ್ಲಿ ಕನ್ನಡವಾಡುವ ದೇವಾಂಗ ನೇಕಾರ ಕುಟುಂಬಗಳೂ ಇವೆ. ಓದು ಬರಹವೆಲ್ಲ ತಮಿಳಿನಲ್ಲಿ, ಅಡಿಗೆಮನೆಯ ಮಾತು ಕನ್ನಡದಲ್ಲಿ. ನಮ್ಮಲ್ಲಿಂದಲೂ ಮಂಗಳೂರು, ಮಣಿಪಾಲಗಳು ಹತ್ತಿರವಿದ್ದಾಗಲೂ, ಕಾಸರಗೋಡು ಷೊರ್ನೂರು ಪಾಲಕ್ಕಾಡು ದಾರಿಯ ರೈಲು ಹಿಡಿದು ಅಲ್ಲಿಗೆ ಹೋಗುವವರುಂಟು. ಹೋದವರ ಪಾಡು ಆ ನೇಕಾರರ ಪಾಡಿನಂತೆಯೇ. ಸಹಿ ಹಾಕಬೇಕಾದ ಕಾಗದ ಇಂಗ್ಲಿಷಿನಲ್ಲಿ, ವಿವರಣೆ ತಮಿಳಿನಲ್ಲೋ ಮಲೆಯಾಳದಲ್ಲೋ, ಮನಸ್ಸಿನಲ್ಲಿ ಉಳಿಯುವುದು ಮಾತ್ರ ಕನ್ನಡದ “ನರ ಹೊಲಿದರು” ಎಂಬ ಎರಡು ಮಾತು. ನರಂಬು ಎಂದು ಕೇಳಿದ್ದು ನಿಜವಾದ ನರವೋ ಸ್ನಾಯುರಜ್ಜುವೋ ಎಂಬುದು ರೈಲಿನಲ್ಲೇ ಉಳಿದುಹೋಗುತ್ತದೆ.

ಎರಡು ಹೊಲಿಗೆ, ಎರಡು ಲೆಕ್ಕ

ನೇಕಾರರ ಹೋಲಿಕೆಯಿಂದಲೇ ಇದನ್ನು ಹೇಳಬಹುದು. ಹಗ್ಗ ತುಂಡಾದರೆ ಎರಡು ತುದಿಗಳನ್ನು ಎಳೆದು ಬಿಗಿದರೆ ಆಯಿತು. ಸ್ನಾಯುರಜ್ಜುವಿನ ಹೊಲಿಗೆ ಹೆಚ್ಚುಕಡಮೆ ಹೀಗೆಯೇ. ಆದರೆ ಹೊಲಿದ ಮೊದಲ ವಾರಗಳಲ್ಲಿ ಆ ಜೋಡಣೆ ಬಹಳ ದುರ್ಬಲ. ಬಲವಾಗಿ ಎಳೆದರೆ ಹರಿಯುತ್ತದೆ. ಅಲುಗಾಡಿಸದೆ ಇಟ್ಟರೆ ಸುತ್ತಲಿನ ಮಾಂಸಕ್ಕೆ ಅಂಟಿಕೊಂಡು ಬೆರಳು ಸೆಟೆದು ನಿಲ್ಲುತ್ತದೆ. ಈ ಎರಡು ಅಪಾಯಗಳ ನಡುವೆ ದಾರಿ ತೋರಿಸುವುದೇ ಪಟ್ಟಿ ಕಟ್ಟಿದ ಕೈಗೆ ಹೇಳಿಕೊಡುವ ವ್ಯಾಯಾಮ. ಬೆರಳಿನ ಬುಡದ ಭಾಗದಲ್ಲಿ ಎರಡು ಸ್ನಾಯುರಜ್ಜುಗಳು ಒಂದೇ ಕಿರಿದಾದ ಕೊಳವೆಯಲ್ಲಿ ಸಾಗುವ ಕಾರಣ, ಅಮೇರಿಕದ ಸ್ಟರ್ಲಿಂಗ್ ಬನೆಲ್ ಎಂಬ ಶಸ್ತ್ರವೈದ್ಯರು ಅದನ್ನು ಯಾರೂ ಕಾಲಿಡಬಾರದ ನೆಲ ಎಂದೇ ಕರೆದಿದ್ದರು. 1960ರ ದಶಕದಲ್ಲಿ ಹೆರಾಲ್ಡ್ ಕ್ಲೈನರ್ಟ್ ಅವರು ಅಲ್ಲಿಯೂ ಕೂಡಲೇ ಹೊಲಿದು, ರಬ್ಬರು ಪಟ್ಟಿಯ ಸಹಾಯದಿಂದ ಬೆರಳನ್ನು ಮೊದಲಿನಿಂದಲೇ ಆಡಿಸಿ ಗುಣಪಡಿಸಬಹುದೆಂದು ತೋರಿಸಿಕೊಟ್ಟರು. ಸಾಮಾನ್ಯವಾಗಿ 6 ವಾರಗಳ ನಂತರ ಹಗುರವಾದ ಕೆಲಸ, 12 ವಾರಗಳ ನಂತರ ಭಾರದ ಕೆಲಸ ಎಂಬುದು ಸ್ನಾಯುರಜ್ಜುವಿನ ಲೆಕ್ಕ. ಮೂರನೆಯ ವಾರದಲ್ಲಿ ನೋವಿಲ್ಲವೆಂದು ಪಟ್ಟಿ ಬಿಚ್ಚಿ ಕೊಡಪಾನ ಎತ್ತಿದರೆ ಹೊಲಿಗೆಯೂ ಹೋಯಿತು, ದುಡ್ಡೂ ಹೋಯಿತು.

ನರದ ಲೆಕ್ಕವೇ ಬೇರೆ. ಕೂದಲಿಗಿಂತ ತೆಳ್ಳಗಿನ ದಾರದಿಂದ, ಸೂಕ್ಷ್ಮದರ್ಶಕದಡಿಯಲ್ಲಿ, ವೈದ್ಯರು ಹೊಲಿಯುವುದು ನರದ ಹೊದಿಕೆಯನ್ನು ಮಾತ್ರ. ಒಳಗಿನ ಎಳೆಗಳನ್ನು ಯಾರೂ ಜೋಡಿಸಲಾರರು. ಕಡಿದ ಜಾಗದಿಂದ ಬೆರಳಿನ ಕಡೆಗಿರುವ ಎಳೆಗಳು ಕೆಲವೇ ದಿನಗಳಲ್ಲಿ ನಶಿಸಿಹೋಗುತ್ತವೆ. ಇದನ್ನು 1850ರಲ್ಲೇ ಆಗಸ್ಟಸ್ ವಾಲರ್ ಕಂಡುಹಿಡಿದಿದ್ದನು. ಮೇಲಿನ ತುದಿಯಿಂದ ಹೊಸ ಎಳೆಗಳು ಆ ಹಳೆಯ ಕೊಳವೆಗಳಲ್ಲಿ ಬಳ್ಳಿಯಂತೆ ಬೆಳೆದು ಬರಬೇಕು. ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್, ತಿಂಗಳಿಗೆ ಸುಮಾರು ಒಂದು ಅಂಗುಲ. ಮಣಿಕಟ್ಟಿನಿಂದ ಬೆರಳ ತುದಿಗೆ 6, 7 ಅಂಗುಲವೆಂದರೆ ಸ್ಪರ್ಶ ಮರಳಲು ಅರ್ಧ ವರ್ಷಕ್ಕೂ ಮೇಲಾಗುತ್ತದೆ. ತೋಳಿನಲ್ಲಿ ಕಡಿದಿದ್ದರೆ ಇನ್ನೂ ಹೆಚ್ಚು. ಮಕ್ಕಳಲ್ಲಿ ದೊಡ್ಡವರಿಗಿಂತ ಚೆನ್ನಾಗಿ ಗುಣವಾಗುತ್ತದೆ. ಆದರೆ ನರದ ಆಜ್ಞೆಯಿಲ್ಲದ ಮಾಂಸಖಂಡ ಬಹುಕಾಲ ಕಾಯಲಾರದು. ಒಂದು, ಒಂದೂವರೆ ವರ್ಷ ಕಳೆದರೆ ನರ ಬಂದು ಮುಟ್ಟಿದರೂ ಅದು ಏಳುವುದು ಕಷ್ಟ. ಆದ್ದರಿಂದಲೇ ನರ ಕಡಿದಿದೆಯೆಂದು ಬೇಗ ತಿಳಿಯುವುದು ಮುಖ್ಯ.

ಕೈ ಕಳೆದುಕೊಂಡವರಿಗೆ ಮೃತರೊಬ್ಬರ ಕೈಗಳನ್ನು ಜೋಡಿಸುವ ಶಸ್ತ್ರಕ್ರಿಯೆ 2015ರ ಜನವರಿಯಲ್ಲಿ ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿ ಭಾರತದಲ್ಲೇ ಮೊದಲ ಬಾರಿಗೆ ನಡೆಯಿತು. ಅಂತಹ ಮಹಾ ಶಸ್ತ್ರಕ್ರಿಯೆಯಲ್ಲಿಯೂ ನರದ ಬೆಳವಣಿಗೆಯ ನಿಧಾನಗತಿಯನ್ನು ಯಾರೂ ಅವಸರ ಪಡಿಸಲಾರರು.

ಈ ಕಾಯುವ ತಿಂಗಳುಗಳಲ್ಲಿ ಹೊಲಿದ ಜಾಗದಿಂದ ಕೆಳಗೆ ಮೆಲ್ಲಗೆ ತಟ್ಟಿದರೆ ಬೆರಳಿಗೆ ಜುಮ್ಮೆನ್ನಬಹುದು. ಅದನ್ನು ಕಂಡು ಹೆದರಬೇಕಾಗಿಲ್ಲ. ಎಳೆ ಎಲ್ಲಿಯವರೆಗೆ ಬೆಳೆದಿದೆಯೆಂದು ತಿಳಿಸುವ ಆ ಲಕ್ಷಣವನ್ನು 1915ರಲ್ಲಿ ಹಾಫ್‌ಮನ್ ಮತ್ತು ಟಿನೆಲ್ ಎಂಬ ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಗುರುತಿಸಿದರು. ಜುಮ್ಮೆನ್ನುವ ಜಾಗ ತಿಂಗಳಿಂದ ತಿಂಗಳಿಗೆ ಕೆಳಗಿಳಿಯುತ್ತಿದ್ದರೆ ಅದು ಒಳ್ಳೆಯ ಸುದ್ದಿ. ಹೆದರಬೇಕಾದದ್ದು ಬಿಸಿ ಪಾತ್ರೆಗೆ. ಸ್ಪರ್ಶವಿಲ್ಲದ ಬೆರಳು ಸುಟ್ಟರೂ ಹೇಳುವುದಿಲ್ಲ. ಅಡಿಗೆಮನೆಯಲ್ಲಿ ದುಡಿಯುವ ಹೆಂಗಸರು ಇದನ್ನು ವಿಶೇಷವಾಗಿ ಗಮನಿಸಬೇಕು.

ಈ ಎರಡು ಹುರಿಗಳು ಎಷ್ಟು ಹತ್ತಿರ, ಎಷ್ಟು ಹೋಲುವವು ಎಂದರೆ, ಮಣಿಕಟ್ಟಿನ ಗಾಯದಲ್ಲಿ ನರದ ತುದಿಯನ್ನು ಸ್ನಾಯುರಜ್ಜುವಿನ ತುದಿಗೆ ಹೊಲಿದುಬಿಟ್ಟ ಪ್ರಕರಣಗಳು ವೈದ್ಯ ಗ್ರಂಥಗಳಲ್ಲಿ ದಾಖಲಾಗಿವೆ. ಆದ್ದರಿಂದ ಕಲಿಯುವ ವೈದ್ಯರಿಗೆ ಗುರುತು ಹೇಳಿಕೊಡುತ್ತಾರೆ. ಸ್ನಾಯುರಜ್ಜು ಹೊಳೆಯುವ ಬಿಳುಪು, ಎಳೆದರೆ ಬೆರಳು ಆಡುತ್ತದೆ. ನರ ತುಸು ಹಳದಿ ಬೆರೆತ ಬಿಳುಪು, ಮೈಮೇಲೆ ಸಣ್ಣದೊಂದು ರಕ್ತನಾಳ ಹರಿಯುತ್ತದೆ, ಕಡಿದ ತುದಿಯಲ್ಲಿ ಎಳೆಗಳ ಗೊಂಚಲು ಕಾಣುತ್ತದೆ.

ಕೇಳಬೇಕಾದ ಪ್ರಶ್ನೆಗಳು

ಗಾಯವಾದ ಕೂಡಲೇ ಮಾಡಬೇಕಾದದ್ದು ಇಷ್ಟೇ. ಶುದ್ಧ ಬಟ್ಟೆಯಿಂದ ಗಾಯವನ್ನು ಬಲವಾಗಿ ಒತ್ತಿ ಹಿಡಿದು ಕೈಯನ್ನು ಮೇಲೆತ್ತಬೇಕು. ಉಂಗುರ ಬಳೆಗಳನ್ನು ತೆಗೆಯಬೇಕು. ಸುಣ್ಣ, ಕಾಫಿಪುಡಿ, ಅರಿಶಿನಗಳನ್ನು ತುಂಬಬಾರದು. ಅವನ್ನು ತೊಳೆದು ತೆಗೆಯುವುದೇ ವೈದ್ಯರಿಗೆ ಇನ್ನೊಂದು ಕೆಲಸ. ಬೆರಳು ತಣ್ಣಗಾಗಿ ಬಿಳುಚಿದ್ದರೆ ರಕ್ತ ಹರಿಯುತ್ತಿಲ್ಲವೆಂದರ್ಥ. ಆಗ ಒಂದೊಂದು ಗಂಟೆಯೂ ಮುಖ್ಯ. ಬೆರಳೇ ತುಂಡಾಗಿದ್ದರೆ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಒಯ್ಯಬೇಕು. ಬೆರಳಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು.

ಆಸ್ಪತ್ರೆಯಲ್ಲಿ ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಕಡಿದಿರುವುದು ಟೆಂಡನ್ನೋ, ನರ್ವೋ, ಲಿಗಮೆಂಟೋ, ಎಲ್ಲವೋ? ಯಾವ ಯಾವ ಬೆರಳಿಗೆ ಸೇರಿದ್ದು? ಪಟ್ಟಿ ಎಷ್ಟು ವಾರ ಇರಬೇಕು, ವ್ಯಾಯಾಮ ಎಂದಿನಿಂದ? ಸ್ಪರ್ಶವೋ ಚಲನೆಯೋ ಮರಳುವುದನ್ನು ಎಷ್ಟು ತಿಂಗಳು ಕಾಯಬೇಕು? ಈ ಮೂರು ಇಂಗ್ಲಿಷ್ ಪದಗಳನ್ನು ಕೊಯಮತ್ತೂರಿನ ತಮಿಳರೂ, ಪಾಲಕ್ಕಾಡಿನ ಮಲೆಯಾಳಿಗಳೂ, ಮಂಗಳೂರಿನ ನಮ್ಮವರೂ ಒಂದೇ ಅರ್ಥದಲ್ಲಿ ಬಳಸುತ್ತಾರೆ. ಉತ್ತರವನ್ನು ಚೀಟಿಯಲ್ಲಿ ಕನ್ನಡದಲ್ಲಿಯೇ ಬರೆದುಕೊಂಡು, ಸ್ನಾಯುರಜ್ಜು ಎಂದರೆ ಹಗ್ಗ, ನರ ಎಂದರೆ ಬೆಳೆಯುವ ಬಳ್ಳಿ ಎಂದು ಮನೆಯ ಎಲ್ಲರಿಗೂ ತಿಳಿಸಿರಿ. ಹಗ್ಗವಾದರೆ ಮೂರು ತಿಂಗಳ ಎಚ್ಚರ. ಬಳ್ಳಿಯಾದರೆ ವರ್ಷದ ತಾಳ್ಮೆ.